ಡಾಬಕಾದ ಬಸ್ಸು ಮತ್ತು ನಮ್ಮ ಫಲಶ್ರುತಿ

ಬೀದರಿನ ಚಿದ್ರಿಯಲ್ಲಿ ಟೈಲ್ಸ್ ಅಂಗಡಿಯ ಮೇಲಿನ ಎರಡು ಕೋಣೆಗಳೇ ನಮ್ಮ ಸುದ್ದಿ ವಾಹಿನಿ. ಅಲ್ಲಿ ಸಂಜೆಯ ವಾರ್ತೆ ಓದುವವಳು ನಾನು. ಸುದ್ದಿಯನ್ನೂ ನಾನೇ ಆರಿಸುತ್ತೇನೆಂದು ಜನ ತಿಳಿದಿದ್ದಾರೆ. ನಲ್ಲಿ, ಚರಂಡಿ, ರಸ್ತೆ ಎಲ್ಲದರ ದೂರೂ ನನಗೇ. ಮಾಲೀಕರು ಕೊಟ್ಟದ್ದನ್ನಷ್ಟೇ ಓದುತ್ತೇನೆ ಎಂದರೆ ಯಾರೂ ನಂಬುವುದಿಲ್ಲ.

ಔರಾದ್ ತಾಲ್ಲೂಕಿನ ಡಾಬಕಾಕ್ಕೆ ಬೆಳಗಿನ ಬಸ್ಸು ನಿಂತುಹೋಗಿತ್ತು. ಹುಡುಗಿಯರು ಕಾಲೇಜಿಗೆ ಹೋಗಲಾಗದೆ ಮನೆಯಲ್ಲಿ ಕುಳಿತಿದ್ದಾರೆಂದು ಕೇಳಿ, ಹಟ ಮಾಡಿ ಕ್ಯಾಮೆರಾದವನನ್ನು ಕರೆದುಕೊಂಡು ಹೋದೆ. ಒಂದು ಮನೆಯ ಅಂಗಳದಲ್ಲಿ ಹತ್ತಾರು ಹುಡುಗಿಯರು ಸೇರಿದರು. ಬಿ.ಎ. ಓದುವ ಒಬ್ಬಳು ಚೆನ್ನಾಗಿ ಮಾತಾಡಿದಳು. ಹೊರಡುವಾಗ ನನ್ನ ನಂಬರು ಬರೆದುಕೊಂಡು ಕೇಳಿದಳು: "ಅಕ್ಕಾರಿ, ಟಿವ್ಯಾಗ ಬಂದ್ರ ಬಸ್ ಬರ್ತದಲ್ರಿ?"

"ಸಂಜಿಗಿ ನೋಡ್ರಿ" ಎಂದೆ.

ಸಂಜೆ ಆ ಸುದ್ದಿ ಇರಲಿಲ್ಲ. ಅದರ ಜಾಗದಲ್ಲಿ ಭಾಲ್ಕಿಯ ಮುಖಂಡರೊಬ್ಬರ ಹುಟ್ಟುಹಬ್ಬ.

"ಯಾಕ್ರಿ ಸರ್, ಬಸ್ಸಿಂದು ಯಾಕ ತೆಗದ್ರಿ?" ಎಂದು ಮಾಲೀಕರನ್ನು ಕೇಳಿದೆ.

"ನಾಳಿ ಹಾಕೋಣಂತ. ನೀವು ಸ್ವಲ್ಪ ನಕ್ಕೋತ ಓದ್ರಿ."

ನಕ್ಕೇ ಓದಿದೆ. ಮರುದಿನ ಭಾಲ್ಕಿಯಲ್ಲೇ ಒಂದು ಒಡವೆ ಅಂಗಡಿಯ ಉದ್ಘಾಟನೆ. ಅದರಾಚೆಯ ದಿನ ಮತ್ತೇನೋ. ದಿನಾ ಕೇಳಿದೆ, ಜಗಳವಾಡಿದೆ. ಕೊನೆಗೆ ಮಾಲೀಕರು, "ಅದು ಹಳಿ ಸುದ್ದಿ ಆತು ಬಿಡ್ರಿ" ಎಂದರು. ಹಳೆಯದು ಮಾಡಿದವರು ಯಾರು?

ಡಾಬಕಾದ ಹುಡುಗಿಯರು ನಮ್ಮನ್ನು ಕಾಯಲಿಲ್ಲ. ಸಿಕ್ಕ ಟಂಟಂ ಆಟೋ ಹತ್ತಿ ಔರಾದಿಗೆ ಹೋಗಿ, ನಿಲ್ದಾಣದಲ್ಲಿ ಬಸ್ಸುಗಳ ಮುಂದೆಯೇ ಕುಳಿತುಬಿಟ್ಟರು. ಬಿಸಿಲೇರಿದರೂ ಏಳಲಿಲ್ಲ. ಅಧಿಕಾರಿಗಳು ಬಂದು ಬಸ್ಸು ಬಿಡಲು ಒಪ್ಪಿಕೊಂಡರು. ಮರುದಿನ ಬೆಳಿಗ್ಗೆ ಬಸ್ಸು ಊರೊಳಗೆ ಬಂತು.

ಅಂದು ಸಂಜೆ ನನ್ನೆದುರಿನ ಪರದೆಯ ಮೇಲೆ ಅಕ್ಷರಗಳು ಸರಿದವು: "ನಮ್ಮ ವಾಹಿನಿಯ ವರದಿಯ ಫಲಶ್ರುತಿ: ಡಾಬಕಾಕ್ಕೆ ಬಂತು ಬಸ್ಸು." ನೇರ ಪ್ರಸಾರ. ಬಾಯಿ ತನ್ನಷ್ಟಕ್ಕೆ ಓದಿಬಿಟ್ಟಿತು. ನಾವು ಡಾಬಕಾದಲ್ಲಿ ಚಿತ್ರೀಕರಿಸಿ ತಂದ ದೃಶ್ಯಗಳು ಆಗ ಮೊದಲ ಸಲ ತೆರೆಗೆ ಬಂದವು.

ಮೆಟ್ಟಿಲು ಇಳಿಯುವ ಮೊದಲೇ ಫೋನು ಬಂತು. ಅದೇ ಹುಡುಗಿ. ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ಹೆಚ್ಚು ಚುಚ್ಚಿತು.

"ಅಕ್ಕಾರಿ, ಯಾವಾಗ ತೋರ್ಸಿದ್ರಿ? ನಾವು ದಿನಾ ನೋಡ್ತಿದ್ವಿ."

"ತೋರ್ಸಿಲ್ಲವ್ವಾ. ಬಸ್ ತಂದವ್ರು ನೀವು" ಎಂದೆ.

ತಿರುಗಿ ಮೇಲೆ ಹೋಗಿ, ರಾತ್ರಿಯ ವಾರ್ತೆಯಲ್ಲಿ ಆ ಸಾಲು ಓದುವುದಿಲ್ಲವೆಂದು ಮಾಲೀಕರಿಗೆ ಹೇಳಿದೆ. ಅವರು ಕೂಗಾಡಲೂ ಇಲ್ಲ. "ಆತು, ನೀವು ಮನಿಗಿ ಹೋಗ್ರಿ" ಎಂದು, ಜಾಹೀರಾತಿಗೆ ದನಿ ಕೊಡುವವನನ್ನು ನನ್ನ ಕುರ್ಚಿಯಲ್ಲಿ ಕೂರಿಸಿದರು. ಆ ಸಾಲನ್ನು ಅವನು ನನಗಿಂತ ಜೋರಾಗಿ ಓದಿದ.