ಎಲ್ಲರೂ ‘ಡಲ್’ ಎಂದ ಸೀಸನ್ನು

ನಾನು ಓದಿದ ಕಾನ್ವೆಂಟಿನಲ್ಲಿ ಸಿಸ್ಟರ್ ಬಂದು ಹೇಗಿದ್ದೀರಿ ಎಂದು ಕೇಳಿದರೆ, ಜ್ವರದಿಂದ ಮೈ ಸುಡುತ್ತಿದ್ದರೂ ಎದ್ದು ನಿಂತು ‘ಫೈನ್, ಥ್ಯಾಂಕ್ಯೂ’ ಎನ್ನಬೇಕಿತ್ತು. ಮದುವೆಯಾಗಿ ಉಪ್ಪಾರಹಳ್ಳಿಗೆ ಬಂದ ಮೇಲೆ ಅದಕ್ಕೆ ಪೂರ್ತಿ ಉಲ್ಟಾ ಪಾಠ. ವ್ಯಾಪಾರ ಹೇಗಿದೆ ಎಂದು ಯಾರೇ ಕೇಳಲಿ, ನಮ್ಮ ಮನೆಯ ಗಂಡಸರು ಮುಖ ಸಣ್ಣ ಮಾಡಿಕೊಂಡು ‘ಡಲ್’ ಎನ್ನುತ್ತಾರೆ. ಮನೆಯೊಳಗೆ ನಮ್ಮದು ಉರ್ದು, ಹೊರಗೆ ಕನ್ನಡ. ಈ ಮಾತೊಂದು ಎರಡು ಕಡೆಯೂ ನಡೆಯುತ್ತದೆ. ಚೆನ್ನಾಗಿದೆ ಎಂದುಬಿಟ್ಟರೆ ನಜರ್, ಅಂದರೆ ದೃಷ್ಟಿ, ತಗಲುತ್ತದೆ, ಮಾಲು ಕೊಡುವವನು ರೇಟು ಏರಿಸುತ್ತಾನೆ ಎಂಬ ಭಯ. ಹೊಸ ಮೆಷಿನ್ ತಂದು ಕೂರಿಸಿದ ದಿನ ನನ್ನ ಮಾವ ಬಂದವರಿಗೆಲ್ಲ ಲಾಡು ಹಂಚುತ್ತಲೇ ‘ಡಲ್’ ಎಂದವರು.

ಆ ಮೆಷಿನ್ ಈಗ ನಮ್ಮ ಯಜಮಾನರದು. ಊರಂಚಿನ ಸತ್ಯಮಂಗಲದಲ್ಲಿ ರಟ್ಟಿನ ಡಬ್ಬ ಮಾಡುವ ಸಣ್ಣ ಯೂನಿಟ್ಟು. ಬೇಕರಿಗಳಿಗೆ, ಸ್ವೀಟ್ ಅಂಗಡಿಗಳಿಗೆ ಡಬ್ಬ ಕೊಡುತ್ತೇವೆ. ರಟ್ಟು ಕತ್ತರಿಸಿ ಗೆರೆ ಮೂಡಿಸುವುದು ಮೆಷಿನ್. ಮಡಿಸಿ ಅಂಟಿಸುವುದು ಹೆಂಗಸರು. ಅವರಲ್ಲೆಲ್ಲ ಹಿರಿಯರಾದ ಒಬ್ಬರು ಬೆಳಗಿನ ರೈಲಿನಲ್ಲಿ ಗುಬ್ಬಿಯಿಂದ ಬರುತ್ತಾರೆ. ಯೂನಿಟ್ಟಿಗೆಲ್ಲ ಅವರು ಗುಬ್ಬಿ ಅಕ್ಕ. ಅವರ ಹೆಬ್ಬೆರಳಿನ ಉಗುರು ಮಡಿಕೆ ಒತ್ತಿ ಒತ್ತಿ ಚಪ್ಪಟೆಯಾಗಿದೆ.

ಹೋದ ವರ್ಷ ಮದುವೆ ಸೀಸನ್ನಿಗೆ ಮುಂಚೆ ಟಿವಿಯಲ್ಲಿ ದಿನಾ ಸಂಜೆ ಕೆಂಪು ಬಾಣಗಳು ಕೆಳಮುಖವಾಗಿ ಇಳಿಯುತ್ತಿದ್ದವು. ಬೇಡಿಕೆ ಇಲ್ಲ, ಜನ ಖರ್ಚು ಮಾಡುತ್ತಿಲ್ಲ, ಕೆಲಸಗಳು ಹೋಗುತ್ತಿವೆ. ನೋಡುತ್ತ ಕೂತ ಯಜಮಾನರ ಟೀ ಕೆನೆ ಕಟ್ಟುತ್ತಿತ್ತು. ರಟ್ಟು ತರಿಸಿ ಎಲ್ಲರನ್ನೂ ಇಟ್ಟುಕೊಂಡು ಸೀಸನ್ ನಡೆಸುವುದೋ, ಅರ್ಧ ಹೆಂಗಸರನ್ನು ಸದ್ಯಕ್ಕೆ ಮನೆಗೆ ಕಳಿಸುವುದೋ ಎನ್ನುವುದು ಆ ವಾರವೇ ತೀರ್ಮಾನವಾಗಬೇಕಿತ್ತು.

ಟಿವಿಯೊಂದನ್ನೇ ನಂಬಿದರು ಎನ್ನಲಾರೆ. ಸೋಫಾದ ಮೇಲೆ ಕೂತು ಗುಬ್ಬಿಯಿಂದ ಕುಣಿಗಲ್‌ವರೆಗಿನ ಗಿರಾಕಿಗಳಿಗೆಲ್ಲ ತಾವೇ ಫೋನ್ ಮಾಡಿ ವಿಚಾರಿಸಿದರು. ಎಲ್ಲರದೂ ಒಂದೇ ಉತ್ತರ. ಆಮೇಲೆ ಅಡುಗೆಮನೆಗೆ ಬಂದು, ಕೇಳದೆಯೇ ನನ್ನ ಮುಂದಿನ ಬೆಳ್ಳುಳ್ಳಿ ಬಿಡಿಸುತ್ತಾ, ಸೋಮವಾರ ಅರ್ಧ ಜನಕ್ಕೆ ಹೇಳಿಬಿಡುತ್ತೇನೆ ಎಂದರು. ಗುಬ್ಬಿ ಅಕ್ಕನಿಗೂ? ಎಂದೆ. ದೂರದಿಂದ ಬರುವವರಿಗೇ ಮೊದಲು ಹೇಳಬೇಕಲ್ಲ ಎಂದರು, ನನ್ನ ಮುಖ ನೋಡದೆ.

ಭಾನುವಾರ ಕುಣಿಗಲ್‌ನಲ್ಲಿ ನೆಂಟರ ಮದುವೆಯಿತ್ತು. ಮುಗಿಸಿಕೊಂಡು ಬರುವಾಗ ಖಾರಾಬನ್ ತರಲೆಂದು ನಮ್ಮ ಗಿರಾಕಿಯ ಬೇಕರಿಯ ಮುಂದೆ ಇಳಿದೆ. ಇವರು ಕಾರಿನಲ್ಲೇ ಕೂತಿದ್ದರು. ಬಾಗಿಲಲ್ಲಿ ‘ಕೆಲಸಕ್ಕೆ ಜನ ಬೇಕು’ ಎಂಬ ಕಾಗದ. ಅದರಡಿಯಿಂದ ಅದೇ ಮಾತಿನ ಹಳೆಯ ಕಾಗದದ ಮೂಲೆ ಇಣುಕುತ್ತಿತ್ತು. ಒಳಗೆ ಮಾಲೀಕರ ಹೆಂಡತಿ ರೇಷ್ಮೆ ಸೀರೆ ಸೊಂಟಕ್ಕೆ ಸಿಕ್ಕಿಸಿಕೊಂಡು ಮೈಸೂರ್‌ಪಾಕ್ ತುಂಬುತ್ತಿದ್ದರು. ನಮ್ಮ ಹೂವಿನ ಚಿತ್ರದ ಡಬ್ಬ ಒಂದೇ ಒಂದು ಶೋಕೇಸಿನ ಮೇಲೆ ಅಂದಕ್ಕೆ ಕೂತಿತ್ತು. ತುಂಬುತ್ತಿದ್ದದ್ದು ಯಾರದೋ ಬಿಳಿ ಡಬ್ಬಗಳಿಗೆ. ಮುಚ್ಚಳ ನಿಲ್ಲದೆ ದಾರ ಕಟ್ಟಿದ್ದರು.

ವ್ಯಾಪಾರ ಹೇಗಿದೆ ಎಂದು ವಾಡಿಕೆಗೆ ಕೇಳಿದೆ. ಮಾಲೀಕರು ಮುಖ ಸಣ್ಣ ಮಾಡಿಕೊಂಡು, ಡಲ್ಲು ಕಣಕ್ಕ ಎಂದರು. ಅದೇ ಉಸಿರಿನಲ್ಲಿ ಒಳಗಿನವರಿಗೆ ಇನ್ನೊಂದು ಟ್ರೇ ಬೇಗ ತರಲು ಕೂಗಿದರು. ಬಿಳಿ ಡಬ್ಬ ಯಾಕೆ ಎಂದೆ.

“ನಿಮ್ದು ಖಾಲಿಯಾಯ್ತಲ್ಲಕ್ಕ. ಸಾಹೇಬ್ರು ಫೋನ್ ಮಾಡಿದ್ರು, ವ್ಯಾಪಾರ ಹೆಂಗೈತೆ ಅಂದ್ರು, ಡಲ್ಲು ಅಂದೆ. ಅಷ್ಟಕ್ಕೇ ಇಟ್ಬುಟ್ರು. ಡಬ್ಬ ಬೇಕಾ ಅಂತ ಕೇಳ್ಲೇ ಇಲ್ವಲ್ಲ.”

ಕಾರಿನಲ್ಲಿ ಎಲ್ಲ ಹೇಳಿದೆ. ಇವರು ಕಾರು ಸ್ಟಾರ್ಟ್ ಮಾಡಿದರು. ಮದುವೆಮನೆಯಲ್ಲಿ ಬಿರಿಯಾನಿ ಮುಂದೆ ನಿಮ್ಮ ಭಾವ ಏನೋ ಕೇಳುತ್ತಿದ್ದರಲ್ಲ, ನೀವು ಏನಂದಿರಿ ಎಂದೆ. ಡಲ್ ಅಂದೆ ಎಂದರು. ಹೆಬ್ಬೂರು ಬರುವ ಹೊತ್ತಿಗೆ ತಮ್ಮಷ್ಟಕ್ಕೆ ನಗತೊಡಗಿದರು. ಅಲ್ಲಿಂದಲೇ ಒಬ್ಬೊಬ್ಬ ಗಿರಾಕಿಗೂ ಮತ್ತೆ ಫೋನ್ ಮಾಡಿಸಿದರು; ನಾನು ಹಿಡಿದುಕೊಂಡೆ, ಇವರು ಕೇಳಿದರು. ಈ ಸಲ ಕೇಳಿದ್ದು ಡಬ್ಬ ಬೇಕಾ ಎಂದು ಮಾತ್ರ. ಊರು ಮುಟ್ಟುವಷ್ಟರಲ್ಲಿ ಸೀಸನ್ ಪೂರ್ತಿ ಕೆಲಸ ಸಿಕ್ಕಿತ್ತು.

ಸೋಮವಾರ ಮದುವೆಮನೆಯ ಸಿಹಿ ಹಿಡಿದು ನಾನೂ ಯೂನಿಟ್ಟಿಗೆ ಹೋದೆ. ಇವರು ಬಾಯಿ ತೆರೆಯುವ ಮೊದಲೇ ಗುಬ್ಬಿ ಅಕ್ಕ ಅಂಟಿನ ಕೈ ಒರೆಸಿಕೊಂಡು ಎದ್ದುನಿಂತರು. ಗುಬ್ಬಿ ಬಸ್‌ಸ್ಟ್ಯಾಂಡಿಗೂ ಇಲ್ಲಿಗೂ ಗಾರ್ಮೆಂಟ್ಸ್ ವ್ಯಾನ್ ಬಂದು ಹೆಂಗಸರನ್ನು ಕೆಲಸಕ್ಕೆ ಕರೆದೊಯ್ಯುತ್ತಿದೆಯಂತೆ. ಪಿ.ಎಫ್. ಕೂಡ ಇದೆಯಂತೆ. ನಾವೆಲ್ಲ ಹೋಗುವುದೆಂದು ಮಾತಾಡಿಕೊಂಡಿದ್ದೇವೆ, ಸಂಜೆಯೊಳಗೆ ವ್ಯಾನಿನವನಿಗೆ ಹೇಳಬೇಕು ಎಂದರು. ಇವರ ಮುಖ ಬಿಳಿಚಿಕೊಂಡಿತು. ಕೈಪಳಗಿದ ಹೆಂಗಸರು ಹೋದರೆ ನಿನ್ನೆ ಸಿಕ್ಕ ಕೆಲಸವೆಲ್ಲ ಬರೀ ಗೆರೆ ಬಿದ್ದ ರಟ್ಟು. ಯಾಕೆ ಎಂದು ಕೇಳಿದರು.

“ನೀವೇ ಬೆಳಗಾದ್ರೆ ಫೋನಲ್ಲಿ ಡಲ್ಲು ಡಲ್ಲು ಅಂತೀರಲ್ಲ ಸಾಹೇಬ್ರೇ. ಬಾಗ್ಲು ಹಾಕೋ ಮುಂಚೆ ನಾವು ದಾರಿ ನೋಡ್ಕೊಬ್ಯಾಡ್ವಾ?”

ಅದು ಸುಮ್ಮನೆ ಅನ್ನುವ ಮಾತು ಎಂದರು ಇವರು.

“ಸುಮ್ನೆ ಅಂದಿದ್ಯಾವ್ದು, ನಿಜ ಯಾವ್ದು, ನಮಗೆಂಗೆ ಗೊತ್ತಾಗ್ಬೇಕು? ಹಂಗಾದ್ರೆ ನಿಜವಾಗ್ಲೂ ಹೆಂಗೈತೆ, ಹೇಳಿ.”

ಎಲ್ಲರ ಕೈಗಳೂ ನಿಂತವು. ಇಷ್ಟು ವರ್ಷದ ಸಂಸಾರದಲ್ಲಿ ನಾನೂ ಕೇಳಿರದ ಪ್ರಶ್ನೆ ಅದು. ಇವರು ಬಾಗಿಲ ಕಡೆ ನೋಡಿದರು, ನನ್ನ ಕಡೆ ನೋಡಿದರು. ಗುಟ್ಟು ಹೇಳುವವರ ಹಾಗೆ ದನಿ ತಗ್ಗಿಸಿ, “ಚೆನ್ನಾಗೈತೆ” ಎಂದರು. ತಕ್ಷಣ ‘ಮಾಶಾಅಲ್ಲಾಹ್’ ಎಂದೂ ಸೇರಿಸಿದರು.

“ಮೆಷಿನ್ ಸದ್ದಲ್ಲಿ ಕೇಳಿಸ್ಲಿಲ್ಲ ಬುಡಿ, ಇನ್ನೊಂದ್ಸಲ ಹೇಳಿ” ಎಂದಳು ಹಿಂದಿನಿಂದ ಒಬ್ಬಳು. ಮೆಷಿನ್ ಇನ್ನೂ ಹಾಕಿರಲೇ ಇಲ್ಲ. ನಗು ಎದ್ದಿತು. ಗುಬ್ಬಿ ಅಕ್ಕ ಮಾತ್ರ ನಗದೆ, ಸೀಸನ್ ಮುಗಿದ ಮೇಲೆ ಏನು, ಪಿ.ಎಫ್. ಏನು ಎಂದು ಕೇಳಿದರು. ಅಗರಬತ್ತಿ ಡಬ್ಬದ ಕೆಲಸ ಹಿಡಿಯುತ್ತೇನೆ, ಯಾರನ್ನೂ ಕಳಿಸುವುದಿಲ್ಲ, ಪಿ.ಎಫ್. ಕೂಡ ಮಾಡಿಸುತ್ತೇನೆ ಎಂದು ಇವರು ಎಲ್ಲರೆದುರೇ ಒಪ್ಪಿಕೊಂಡರು. ಆಗ ಅಕ್ಕ ಸೆರಗಿನಿಂದ ಮೊಬೈಲ್ ತೆಗೆದು ವ್ಯಾನಿನವನಿಗೆ, ನಾವು ಬರಕಿಲ್ಲ ಕಣಪ್ಪ ಎಂದರು. ಹೊಲಿಗೆ ಕಲಿಯುವ ಆಸೆಯಿದ್ದ ಒಬ್ಬಳು ಮಾತ್ರ ಹೋದಳು. ಅವಳ ಜಾಗಕ್ಕೆ ಅವಳ ತಂಗಿ ಬಂದಳು.

ಪಿ.ಎಫ್. ಆಗಿದೆ. ಅಗರಬತ್ತಿ ಡಬ್ಬಗಳೂ ಹೋಗುತ್ತಿವೆ. ಇವರ ಭಾವ ಈಗಲೂ ಆಗಾಗ ಫೋನ್ ಮಾಡಿ ವ್ಯಾಪಾರ ಹೇಗಿದೆ ಎನ್ನುತ್ತಾರೆ. ಇವರು ಒಮ್ಮೆ ಗುಬ್ಬಿ ಅಕ್ಕನ ಕಡೆ ನೋಡಿ, ಮೊಬೈಲ್ ಹಿಡಿದು ಗೇಟಿನಾಚೆ ರಸ್ತೆಗೆ ಹೋಗಿ, ಅಲ್ಲಿ ನಿಂತು ‘ಡಲ್’ ಎಂದು ಬರುತ್ತಾರೆ.