ಹನ್ನೊಂದನೇ ಸ್ಟೇಶನ್ನಿನ ಪತ್ರ

2014ರಲ್ಲಿ ನಾನು ಯಾದಗಿರಿಯ ಒಂದು ಸಣ್ಣ ಪುನಶ್ಚೇತನ ಕೇಂದ್ರದಲ್ಲಿ ಹಿರಿಯ ಫಿಸಿಯೋಥೆರಪಿಸ್ಟ್ ಆಗಿದ್ದೆ. ಎಂಟು ಹಾಸಿಗೆ, ಒಂದು ವ್ಯಾಯಾಮದ ಕೋಣೆ, ಹಿಡಿದು ನಡೆಯಲು ಎರಡು ಉದ್ದ ಕಬ್ಬಿಣದ ಸರಳು, ಇಷ್ಟೇ ನಮ್ಮ ಸಂಸ್ಥಾನ. ಬೆನ್ನುಹುರಿಗೆ ಪೆಟ್ಟಾದವರು, ಲಕ್ವ ಹೊಡೆದವರು, ಕಾಲು ಕಳೆದುಕೊಂಡವರು ಬರುತ್ತಿದ್ದರು. ಆಪರೇಶನ್ ಬೇರೆ ಕಡೆ ಮುಗಿದಿರುತ್ತಿತ್ತು. ಆಮೇಲೆ ಬದುಕುವುದು ಹೇಗೆ ಎಂದು ಕಲಿಸುವುದು ನಮ್ಮ ಪಾಲಿನ ಕೆಲಸ. ನನ್ನ ಇಪ್ಪತ್ತಾರು ವರ್ಷದ ವೃತ್ತಿಯಲ್ಲಿ ಎಷ್ಟೋ ಜನ ಎದ್ದು ನಡೆದು ಮನೆಗೆ ಹೋಗಿದ್ದಾರೆ. ಅವರ ಹೆಸರು ಕೇಳಿದರೆ ತಲೆ ಕೆರೆದುಕೊಳ್ಳುತ್ತೇನೆ. ಸಾಬಣ್ಣನ ಹೆಸರಿಗೆ ಮಾತ್ರ ಹಾಗೆ ಮಾಡಬೇಕಾಗಿಲ್ಲ.

ಸಾಬಣ್ಣ ಶಹಾಪುರ ತಾಲ್ಲೂಕಿನವನು, ಶಿರವಾಳದ ಆಚೆ ಒಂದು ಸಣ್ಣ ಊರು. ವಯಸ್ಸು ನಲವತ್ತಾರು. ಉಪಕಾಲುವೆಯ ದಂಡೆಯ ಮೇಲೆ ದಿನಾ ಹನ್ನೊಂದು ಕಿಲೋಮೀಟರ್ ನಡೆದು ಗೇಟು, ಮೋರಿ, ಒಡ್ಡು ನೋಡಿಕೊಂಡು ಬರುವುದು ಅವನ ಕೆಲಸ. ಎಲ್ಲಿ ನೀರು ಸೋರುತ್ತದೆ, ಎಲ್ಲಿ ಏಡಿ ಬಿಲ ತೋಡಿದೆ ಎಂದು ನಡೆಯುತ್ತಲೇ ಹೇಳಬಲ್ಲವನು. ಊರಲ್ಲಿ ಅವನನ್ನು ಕರೆಯುತ್ತಿದ್ದದ್ದೇ ಕೆನಾಲ್ ಸಾಬಣ್ಣ ಎಂದು. ಬೇಸಿಗೆಯಲ್ಲಿ ಕಾಲುವೆಗೆ ನೀರು ಬಿಡುವುದನ್ನು ನಿಲ್ಲಿಸಿದ್ದಾಗ ಗೇಟಿನ ಕಟ್ಟೆ ಹತ್ತಿ ಸಿಕ್ಕಿಕೊಂಡಿದ್ದ ಜಾಲಿಯ ಕೊಂಬೆ ಎಳೆಯಲು ಹೋಗಿ ಕಾಲು ಜಾರಿದ. ಕೆಳಗೆ ನೀರಿದ್ದಿದ್ದರೆ ಈಜಿ ಬರುತ್ತಿದ್ದ. ಇದ್ದದ್ದು ಒಣ ಸಿಮೆಂಟು.

ಅವನ ಕೇಸ್ ಶೀಟಿನಲ್ಲಿ 'ಡಿ-10' ಎಂದು ಬರೆದಿತ್ತು. ಬೆನ್ನಿನ ಹತ್ತನೇ ಮಣಿಯ ಮಟ್ಟದಲ್ಲಿ ಹುರಿ ಪೂರಾ ತುಂಡಾಗಿದೆ ಎಂದರ್ಥ. ಹೊಕ್ಕುಳಿನಿಂದ ಕೆಳಗೆ ಚಲನೆಯಿಲ್ಲ, ಸ್ಪರ್ಶವಿಲ್ಲ, ನೋವೂ ಇಲ್ಲ. ಜನ ಮೊದಲೆರಡಕ್ಕೆ ಅಳುತ್ತಾರೆ, ಮೂರನೆಯದನ್ನು ಪುಣ್ಯ ಎಂದುಕೊಳ್ಳುತ್ತಾರೆ. ನಮ್ಮ ವೃತ್ತಿಯಲ್ಲಿ ಅತಿ ಹೆಚ್ಚು ಹೆದರಬೇಕಾದದ್ದು ಆ ಮೂರನೆಯದಕ್ಕೆ. ನೀವು ಈಗ ಇದನ್ನು ಓದುತ್ತಾ ಕೂತಲ್ಲೇ ನಾಲ್ಕು ಸಲ ಮಿಸುಕಾಡಿರುತ್ತೀರಿ, ನೋವು ನಿಮ್ಮನ್ನು ಮಿಸುಕಾಡಿಸುತ್ತದೆ. ಇವರಿಗೆ ಆ ಎಚ್ಚರಿಕೆ ಬರುವುದಿಲ್ಲ. ಒಂದೇ ಕಡೆ ಕೂತರೆ ಎಲುಬು ಮತ್ತು ಕುರ್ಚಿಯ ನಡುವೆ ಚರ್ಮ ಸಿಕ್ಕಿ ರಕ್ತವಿಲ್ಲದೆ ಸಾಯುತ್ತದೆ. ಅದಕ್ಕೆ ಹಾಸಿಗೆ ಹುಣ್ಣು ಎನ್ನುತ್ತಾರೆ. ತಡೆಯಲು ಮದ್ದಿಲ್ಲ, ಅಭ್ಯಾಸವೊಂದೇ: ಮಲಗಿದ್ದರೆ ಎರಡು ತಾಸಿಗೊಮ್ಮೆ ಮಗ್ಗಲು ಬದಲಿಸಬೇಕು, ಕೂತಿದ್ದರೆ ಹದಿನೈದು ನಿಮಿಷಕ್ಕೊಮ್ಮೆ ಎರಡೂ ಕೈ ಊರಿ ಮೈ ಎತ್ತಬೇಕು.

ಸಾಬಣ್ಣ ಎತ್ತಲು ಒಪ್ಪಲಿಲ್ಲ. ಮೂರು ವಾರ ಗೋಡೆಯ ಕಡೆ ಮುಖ ಮಾಡಿ ಮಲಗಿದ. ಅವನ ಹೆಂಡತಿ ನಾಗಮ್ಮ ಅನ್ನದ ತಾಟು ಹಿಡಿದು ಪಕ್ಕದಲ್ಲಿ ಕೂತಿರುತ್ತಿದ್ದಳು.

"ಕಾಲs ಬರೂದಿಲ್ಲ ಅಂದಮ್ಯಾಲ ಕೈ ತಗೊಂಡು ಏನ್ ಮಾಡ್ಲಿರಿ ಅಕ್ಕಾರ?" ಎಂದ.

ನನ್ನ ಬಾಯಿ ಸ್ವಲ್ಪ ಜೋರು. ಅಂದು ಮಾತ್ರ ಅವನ ಬೆನ್ನ ಹಿಂದಿನ ದಿಂಬು ಸರಿಪಡಿಸಿ ಮುಂದಿನ ಹಾಸಿಗೆಗೆ ಹೋದೆ.

ಈಗ ನನ್ನ ಒಂದು ಹುಚ್ಚಿನ ಬಗ್ಗೆ ಹೇಳಬೇಕು. ನನಗೆ ವಿಡಿಯೋ ಗೇಮ್ ಆಡುವ ಚಟವಿತ್ತು, ಈಗಲೂ ಇದೆ. ಯಜಮಾನರು ಸುರಪುರದಲ್ಲಿ ಮಾಸ್ತರು, ನಾನು ಯಾದಗಿರಿಯ ಬಾಡಿಗೆ ಕೋಣೆಯಲ್ಲಿ ಒಬ್ಬಳೇ. ತಮ್ಮ ಕೊಟ್ಟ ಹಳೆಯ ಲ್ಯಾಪ್‌ಟಾಪಿನಲ್ಲಿ ಸಂಜೆ ಆಡುತ್ತಿದ್ದೆ. ಗುಂಡು ಹಾರಿಸುವ ಆಟ ನನಗಾಗದು, ಸಿನಿಮಾದ ಹೊಡೆದಾಟಕ್ಕೇ ಕಣ್ಣು ಮುಚ್ಚುವವಳು. ನನ್ನವು ಸುಮ್ಮನೆ ನಡೆಯುವ ಆಟಗಳು. ಖಾಲಿ ಮನೆಯೊಂದರಲ್ಲೋ ದ್ವೀಪದಲ್ಲೋ ನಿಮ್ಮನ್ನು ಬಿಡುತ್ತಾರೆ. ನೀವು ಅಡ್ಡಾಡಿ, ಬಾಗಿಲು ತೆರೆದು, ಪತ್ರ ಓದಿ, ಅಲ್ಲಿದ್ದವರಿಗೆ ಏನಾಯಿತೆಂದು ತಿಳಿಯಬೇಕು. ಶತ್ರುವಿಲ್ಲ, ಗೆಲುವಿಲ್ಲ, ಸಾವಿಲ್ಲ. ಇವನ್ನು ಅಣಕಿಸುವವರು 'ವಾಕಿಂಗ್ ಸಿಮ್ಯುಲೇಟರ್' ಎನ್ನುತ್ತಾರೆ, ಬರೀ ನಡಿಗೆಯ ಯಂತ್ರ ಎಂಬ ಹಾಗೆ. ಇಡೀ ದಿನ ನಡೆಯಲಾರದವರ ಜೊತೆ ಇದ್ದು ಬಂದವಳಿಗೆ ಅದೇ ಹಿತವಾಗುತ್ತಿತ್ತು.

ನನ್ನ ಅಚ್ಚುಮೆಚ್ಚಿನದು ಒಂದು ರೈಲು ಮಾರ್ಗದ ಆಟ. ಗಾಡಿ ಓಡುವುದು ನಿಂತುಹೋದ ಬೆಟ್ಟದ ಹಳಿ, ಹನ್ನೊಂದು ಸ್ಟೇಶನ್ನು. ಹಳಿಗುಂಟ ನಡೆಯುತ್ತಾ ಹೋಗಬೇಕು. ಪ್ರತಿ ಸ್ಟೇಶನ್ನಿನಲ್ಲೂ ದೀಪ ಉರಿಯುತ್ತಿರುತ್ತದೆ, ಸ್ಟೇಶನ್ ಮಾಸ್ತರ ಇರುವುದಿಲ್ಲ. ಅವನು ಎಲ್ಲಿ ಹೋದ, ದೀಪ ಯಾಕೆ ಹಚ್ಚಿಟ್ಟ ಎಂಬುದೇ ಕಥೆ. ಉತ್ತರ ಹನ್ನೊಂದನೇ ಸ್ಟೇಶನ್ನಿನ ಮೇಜಿನ ಮೇಲಿನ ಪತ್ರದಲ್ಲಿದೆ. ನಾನು ಎರಡು ಸಲ ಆಡಿ ಮುಗಿಸಿದ್ದೆ.

ನಾಲ್ಕನೇ ವಾರ ಆ ಲ್ಯಾಪ್‌ಟಾಪನ್ನು ಸಾಬಣ್ಣನ ಹಾಸಿಗೆಯ ಮೇಲಿಟ್ಟೆ. ಅವನು ಮಗ್ಗಲು ಹೊರಳಿಸದೆ ಒಂದು ಕಣ್ಣಲ್ಲಿ ನೋಡಿದ. ಸ್ವಲ್ಪ ಹೊತ್ತಿಗೆ ಕೇಳಿದ.

"ಇದರಾಗ ಹೊಡಿಯಾವ್ರು ಯಾರೂ ಇಲ್ಲೇನ್ರಿ?"

"ಯಾರೂ ಇಲ್ಲ. ನಡ್ಯೂದು, ನೋಡೂದು. ಅಷ್ಟs."

"ಹಂಗಾದ್ರ ನನ್ನ ನೌಕರೀನೇ ಅದ ಬಿಡ್ರಿ."

ಮೂರು ವಾರದಲ್ಲಿ ಅವನು ನಕ್ಕದ್ದು ಅದೇ ಮೊದಲು. ನಾಗಮ್ಮ ತಾಟು ಕೆಳಗಿಟ್ಟು ಸೆರಗಿನಿಂದ ಮುಖ ಒರೆಸಿಕೊಂಡಳು.

ಆಡಬೇಕಾದರೆ ಎದ್ದು ಕೂರಬೇಕು. ಕೂರಬೇಕಾದರೆ ಕೈಗೆ ಬಲ ಬೇಕು. ನಾನು ಕರಾರು ಹಾಕಿದೆ: ಐವತ್ತು ಸಲ ಮೈ ಎತ್ತಿದರೆ ಒಂದು ಸ್ಟೇಶನ್. ಅವನು ಅರವತ್ತು ಎತ್ತಿದ. ಅವನು ಆಡುವ ರೀತಿಯೇ ಬೇರೆ. ನಾನು ಕಥೆಯ ಹಿಂದೆ ಓಡುವವಳು, ಅವನು ನೆಲ ನೋಡಿಕೊಂಡು ನಡೆಯುವವನು. ಮೂರನೇ ಸ್ಟೇಶನ್ನಿನ ಹತ್ತಿರ ನಿಂತುಬಿಟ್ಟ. "ಇಲ್ಲಿ ನೀರು ನಿಂತದ ನೋಡ್ರಿ. ಮುಂದ ಎಲ್ಲೋ ಮೋರಿ ಕಟ್ಟಿಕೊಂಡದ" ಎಂದು ಹಳಿ ಬಿಟ್ಟು ಕೆಳಗಿಳಿದ. ಮೋರಿ ಇತ್ತು. ಅದರ ಬಾಯಿಯಲ್ಲಿ ಮಾಸ್ತರನ ಕೈಚೀಲ ಸಿಕ್ಕಿಕೊಂಡಿತ್ತು, ಅದರಲ್ಲಿ ಮಗಳ ಫೋಟೋ. ಎರಡು ಸಲ ಆಡಿದ ನನಗೆ ಆ ಚೀಲ ಕಂಡೇ ಇರಲಿಲ್ಲ.

"ಅಕ್ಕಾರ, ನಿಮ್ಮನ್ನ ಕೆನಾಲ್ ಮ್ಯಾಲ ಇಟ್ಟಿದ್ರ ಊರು ಮುಳಗ್ತಿತ್ತು" ಎಂದ. ಕೋಣೆಯಲ್ಲಿದ್ದವರೆಲ್ಲ ನಕ್ಕರು.

ಆಟದೊಳಗಿನ ಪತ್ರಗಳು ಇಂಗ್ಲಿಷಿನಲ್ಲಿದ್ದವು. ಅವನಿಗೆ ಕನ್ನಡ ಓದಲು ಬರೆಯಲು ಬರುತ್ತಿತ್ತು, ಇಂಗ್ಲಿಷ್ ಬರುತ್ತಿರಲಿಲ್ಲ. ಕೇಂದ್ರದಲ್ಲಿದ್ದಾಗ ನಾನೇ ಓದಿ ಹೇಳುತ್ತಿದ್ದೆ. ಮೂರು ತಿಂಗಳಿಗೆ ಡಿಸ್ಚಾರ್ಜ್ ಆದಾಗ ಐದು ಸ್ಟೇಶನ್ ಮುಗಿದಿದ್ದವು. ಲ್ಯಾಪ್‌ಟಾಪನ್ನು ಅವನ ಜೊತೆಗೇ ಕಳಿಸಿದೆ. ಒಂದು ನೂರು ಪುಟದ ನೋಟ್‌ಬುಕ್ಕಿನಲ್ಲಿ ಉಳಿದ ಪತ್ರಗಳನ್ನೆಲ್ಲ ಕನ್ನಡ ಮಾಡಿ, ಸ್ಟೇಶನ್ ನಂಬರ್ ಹಾಕಿ ಬರೆದುಕೊಟ್ಟೆ. ಒಂದನ್ನು ಬಿಟ್ಟು. ಹನ್ನೊಂದನೇ ಸ್ಟೇಶನ್ನಿನ ಪುಟದಲ್ಲಿ ನಂಬರ್ ಮಾತ್ರ ಬರೆದು ಖಾಲಿ ಉಳಿಸಿದೆ.

ಯಾಕೆ? ಇಂಥ ಆಟದ ಹುಚ್ಚರಲ್ಲಿ ಒಂದು ಮಡಿ ಇದೆ: ಕೊನೆಯನ್ನು ಯಾರಿಗೂ ಹೇಳಬಾರದು. ಮುಂಚೆಯೇ ಓದಿಬಿಟ್ಟಾನು ಎಂಬ ಅಳುಕು ನನಗೆ. ಜೊತೆಗೆ ಆ ಪತ್ರ ಕೇಳುವಾಗ ಅವನ ಮುಖ ನೋಡುವ ಆಸೆಯೂ ಇತ್ತು. ಅದರ ಮೇಲೆ ವೃತ್ತಿಯ ಜಾಣತನ. ಮುಂದೆ ಏನೋ ಇದೆ ಎಂದಾದರೆ ಮನುಷ್ಯ ಕೈ ಬಿಡುವುದಿಲ್ಲ ಎಂದು ಲೆಕ್ಕ ಹಾಕಿದ್ದೆ.

ಒಂದು ತಿಂಗಳಿಗೆ ಮನೆಗೆ ಹೋಗಿ ನೋಡಿದೆ. ಗೋಡೆಯ ಮೇಲೆ ಬುದ್ಧನ ಪಟ, ಅದರ ಕೆಳಗೆ ಗಾಲಿಕುರ್ಚಿ, ಮೇಜು, ಲ್ಯಾಪ್‌ಟಾಪ್. ಚರ್ಮ ಚೊಕ್ಕವಾಗಿತ್ತು. ನಾಗಮ್ಮ ಬೆಳಿಗ್ಗೆ ಅವನನ್ನು ಕೂಡಿಸಿ ಭತ್ತದ ಗದ್ದೆಗೆ ಕೂಲಿಗೆ ಹೋಗಿ ಮಧ್ಯಾಹ್ನ ಬಂದು ಮಲಗಿಸುತ್ತಿದ್ದಳು. ಎಂಟನೇ ಸ್ಟೇಶನ್ ಮುಗಿದಿತ್ತು. ಮುಂದಿನ ತಿಂಗಳು ಬರುತ್ತೇನೆಂದು ಎದ್ದೆ.

ಮುಂದಿನ ತಿಂಗಳು ನನ್ನ ತಂಗಿಯ ಮಗಳ ಮದುವೆ. ಸುರಪುರದಲ್ಲೇ ಉಳಿದುಬಿಟ್ಟೆ. ಮದುವೆಯ ಮನೆಯಲ್ಲಿದ್ದಾಗ ಅವನ ಫೋನ್ ಬಂತು.

"ಅಕ್ಕಾರ, ಹನ್ನೊಂದನೇದು ಮುಟ್ಟೀನ್ರಿ. ಮೇಜಿನ ಮ್ಯಾಲ ಚೀಟಿ ಅದ. ಏನ್ ಬರದಾನ್ರಿ ಅದರಾಗ?"

"ಬಂದಾಗ ಓದ್ತೀನಿ. ಅಲ್ಲೀತನಕ ತಡಿ."

"ಈಗs ಹೇಳಬಿಡ್ರಿ."

"ಫೋನ್ನಾಗ ಹೇಳಿದ್ರ ಮಜಾ ಏನದ ಸಾಬಣ್ಣ?"

ಅವನು ನಕ್ಕ, ನಾನೂ ನಕ್ಕೆ. ಆ ದಿನ ನಾನು ಕೇಳಬೇಕಾದ ಪ್ರಶ್ನೆ ಒಂದೇ ಒಂದಿತ್ತು: ಮೈ ಎತ್ತಾಕತ್ತೀಯೇನು? ಅದನ್ನು ಕೇಳಲಿಲ್ಲ.

ನಾನು ಹೋಗಿದ್ದು ಎರಡು ವಾರ ತಡವಾಗಿ. ಶಹಾಪುರದ ಗುಡ್ಡ ದಾಟಿ ಬಸ್ಸಿಳಿದು ಅವರ ಮನೆಯ ಹೊಸ್ತಿಲಿಗೆ ಬಂದಾಗಲೇ ವಾಸನೆ ಹೊಡೆಯಿತು. ನಮ್ಮ ಕೆಲಸದವರಿಗೆ ಆ ವಾಸನೆ ಏನೆಂದು ಯಾರೂ ಹೇಳಬೇಕಾಗಿಲ್ಲ. ಸಾಬಣ್ಣ ಕುರ್ಚಿಯಲ್ಲೇ ಇದ್ದ, ಮುಖ ಕೆಂಪಗಿತ್ತು, ಹಣೆ ಸುಡುತ್ತಿತ್ತು. ಮಗ್ಗಲು ಮಾಡಿಸಿ ನೋಡಿದೆ. ಕೂಡುವ ಎಲುಬಿನ ಮೇಲೆ ರೂಪಾಯಿಯಷ್ಟಗಲದ ತೂತು. ಒಳಗೆ ನನ್ನ ಬೆರಳು ಇಳಿದು ಎಲುಬಿಗೆ ತಾಗಿತು.

ಕುರ್ಚಿಗೆ ನಾವು ಕೊಟ್ಟಿದ್ದ ಗಾಳಿದಿಂಬು ಬಿಸಿಲಿಗೆ ಸೋರಿಹೋಗಿತ್ತು. ಅದರ ಬದಲು ನಾಗಮ್ಮ ಹಳೆ ಬಟ್ಟೆ ಕೂಡಿಸಿ ತಾನೇ ಹೊಲಿದ ಹೊಸ ಕೌದಿಯನ್ನು ನಾಲ್ಕು ಮಡಿಕೆ ಮಾಡಿ ಹಾಕಿದ್ದಳು. ನೋಡಲು ಮೆತ್ತಗೆ. ಅದರ ಹೊಲಿಗೆಯ ಏಣುಗಳು ಅವನ ಚರ್ಮದ ಮೇಲೆ ಸಾಲು ಸಾಲಾಗಿ ಮೂಡಿದ್ದವು.

"ಎಷ್ಟು ಹೊತ್ತು ಕೂಡತಿದ್ದ ನಾಗಮ್ಮ?"

"ಮುಂಜಾನಿಂದ ಸಂಜೀತನಕರಿ. ಮಲಗಸ್ತೀನಂದ್ರ ಒಲ್ಲೆ ಅಂತಿದ್ರು. ಅಕ್ಕಾರು ಬರೂದ್ರಾಗ ಅಕ್ಕಾರಿಗೆ ಕಾಣಲಾರದ್ದೆಲ್ಲಾ ಹುಡಕಿ ಇಡ್ತೀನಿ ಅಂತ ಮೊದಲಿಂದ ಮತ್ತ ನಡ್ಯಾಕತ್ತಿದ್ರು. ಭಾಳ ಖುಷೀಲಿ ಇದ್ರುರಿ. ಒಂದ ಸಲಾನೂ ನೋವು ಅನ್ನಲಿಲ್ಲ."

ನೋವು ಅನ್ನುವುದು ಹೇಗೆ? ಯಾರೂ ಹೊಡೆಯದ ಆಟ ಎಂದು ಅದನ್ನು ಆರಿಸಿದ್ದೆ. ಸದ್ದಿಲ್ಲದೆ ಹೊಡೆಯುವುದು ಅವನು ಕೂತ ಕುರ್ಚಿಯಲ್ಲೇ ಇತ್ತು. ಅದು ನನಗೆ ಗೊತ್ತಿತ್ತು, ಅವರಿಬ್ಬರಿಗಿಂತ ಚೆನ್ನಾಗಿ ಗೊತ್ತಿತ್ತು. ಅತಿಯಾದರೆ ಅಮೃತವೂ ವಿಷ ಎಂದು ದಿನಾ ರೋಗಿಗಳಿಗೆ ಉಪದೇಶ ಮಾಡುವವಳು ನಾನೇ.

ಅಂದೇ ಜೀಪು ಮಾಡಿ ಕಲಬುರಗಿಗೆ ಕರೆದೊಯ್ದೆವು. ದಾರಿಯಲ್ಲಿ ಜ್ವರದ ನಡುವೆಯೂ ಕೇಳಿದ, "ಆ ಚೀಟ್ಯಾಗ ಏನಿತ್ರಿ ಅಕ್ಕಾರ?"

ಆಗಲಾದರೂ ಹೇಳಬಹುದಿತ್ತು. ನಾಲ್ಕು ಸಾಲು ಅದು, ನನಗೆ ಬಾಯಿಪಾಠ. ಆದರೆ ಏನೋ ಒಂದು ಬಾಕಿ ಇದ್ದರೆ ಅದಕ್ಕಾಗಿಯಾದರೂ ಉಳಿದಾನು ಎಂದುಕೊಂಡೆ. "ಹುಣ್ಣು ಮಾಯಲಿ. ಎದ್ದು ಕುಂತಮ್ಯಾಲ ಓದ್ತೀನಿ" ಎಂದೆ.

"ಭಾಳ ಹಟಮಾರಿ ಬಿಡ್ರಿ ನೀವು" ಎಂದು ಕಣ್ಣು ಮುಚ್ಚಿದ.

ನಂಜು ರಕ್ತಕ್ಕೆ ಇಳಿದಿತ್ತು. ವೈದ್ಯರು ಅದಕ್ಕೆ ಸೆಪ್ಟಿಸೀಮಿಯಾ ಎನ್ನುತ್ತಾರೆ. ಒಂಬತ್ತನೇ ದಿನ ಸಾಬಣ್ಣ ತೀರಿಕೊಂಡ. ನಾನು ಆಗ ಡ್ಯೂಟಿಯಲ್ಲಿದ್ದೆ, ಬೇರೆ ಯಾರದೋ ಕಾಲು ಬಗ್ಗಿಸುತ್ತಿದ್ದೆ. ಫೋನ್ ಇಟ್ಟು ಮತ್ತೆ ಅದೇ ಕಾಲು ಹಿಡಿದೆ. ಆ ರೋಗಿ, "ಅಕ್ಕಾರ, ಯಾಕ ಅಳಾಕತ್ತೀರಿ?" ಎಂದು ಕೇಳಿದಾಗಲೇ ನನಗೆ ಗೊತ್ತಾದದ್ದು.

ಹದಿನೈದು ದಿನ ಕಳೆದು ಮಾತಾಡಿಸಲು ಹೋದೆ. ನಾಗಮ್ಮ ಬೈದಿದ್ದರೆ ಹಗುರಾಗುತ್ತಿತ್ತು, ಬೈಯಲಿಲ್ಲ. ಚಹಾ ಕೊಟ್ಟಳು. ಲ್ಯಾಪ್‌ಟಾಪನ್ನು ಒಗೆದ ಟವೆಲಿನಲ್ಲಿ ಸುತ್ತಿಟ್ಟಿದ್ದಳು. ನೋಟ್‌ಬುಕ್ಕಿನ ಖಾಲಿ ಪುಟದಲ್ಲಿ ಸಾಬಣ್ಣ ಪೆನ್ಸಿಲಿನಲ್ಲಿ ಪಟ್ಟಿ ಮಾಡಿದ್ದ, ಡ್ಯೂಟಿಯ ಮೇಲೆ ಬರೆಯುತ್ತಿದ್ದ ಹಾಗೆ. ಎರಡನೇ ಸ್ಟೇಶನ್: ಬಾವಿಯ ಹಿಂದೆ ಕೊಡಲಿ. ಏಳನೇ ಸ್ಟೇಶನ್: ಮೆಟ್ಟಿಲ ಕೆಳಗೆ ಮಗುವಿನ ಬೂಟು, ಒಂದೇ. ಹೀಗೆ ಹದಿನಾಲ್ಕು. ಒಂದನ್ನೂ ನಾನು ನೋಡಿರಲಿಲ್ಲ. ಕಡೆಯಲ್ಲಿ, 'ಹನ್ನೊಂದು: ಚೀಟಿ. ಅಕ್ಕಾರು ಓದುವುದು ಬಾಕಿ.'

"ಏನ್ ಬರದದರಿ ಅದರಾಗ?" ನಾಗಮ್ಮ ಕೇಳಿದಳು. "ದವಾಖಾನ್ಯಾಗೂ ಕೇಳಕೋತ ಇದ್ರು."

ಓದಿದೆ. "ಇವತ್ತೂ ಗಾಡಿ ಬರಲಿಲ್ಲ. ಇನ್ನು ಬರುವುದಿಲ್ಲವೆಂದು ನನಗೆ ಮೊದಲೇ ತಿಳಿಸಿದ್ದರು, ನಾನೇ ಯಾರಿಗೂ ಹೇಳಿರಲಿಲ್ಲ. ದೀಪ ಹಚ್ಚಿಟ್ಟು ಮಗಳಿದ್ದಲ್ಲಿಗೆ ಹೊರಟಿದ್ದೇನೆ. ಇಲ್ಲಿಯವರೆಗೆ ನಡೆದು ಬಂದವರೇ, ನೀವೂ ದೀಪ ಆರಿಸಿ ಮನೆಗೆ ಹೋಗಿ, ಮಲಗಿಕೊಳ್ಳಿ."

ನಾಗಮ್ಮ ನೋಟ್‌ಬುಕ್ಕನ್ನು ಮಡಿಲಿಗೆ ಎಳೆದುಕೊಂಡಳು.

"ಇಷ್ಟs ಏನ್ರಿ?"

"ಇಷ್ಟs."

"ಇಷ್ಟು ಹೇಳಿದ್ರ ಆಟ ಬಿಟ್ಟು ಮಲಗ್ತಿದ್ರಲ್ರಿ ಅಕ್ಕಾರ."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಅನಿಸಿದ್ದನ್ನು ಅನಿಸಿದ ಹಾಗೆ ಹೇಳಿದಳು. ಹೊರಡುವಾಗ ಲ್ಯಾಪ್‌ಟಾಪನ್ನು ನನ್ನ ಕೈಗಿಟ್ಟಳು. ನೋಟ್‌ಬುಕ್ಕನ್ನು ಕೊಡಲಿಲ್ಲ, ನಾನೂ ಕೇಳಲಿಲ್ಲ.

ಅಟ್ಟ ಮೇಲೆ ಒಲೆ ಉರಿಯಿತು, ಕೆಟ್ಟ ಮೇಲೆ ಬುದ್ಧಿ ಬಂತು. ಆಮೇಲೆ ನಮ್ಮ ಕೇಂದ್ರದಿಂದ ಮನೆಗೆ ಹೋದ ಪ್ರತಿ ಗಾಲಿಕುರ್ಚಿಗೂ ಹದಿನೈದು ನಿಮಿಷಕ್ಕೊಮ್ಮೆ ಕೂಗುವ ಗಡಿಯಾರ ಕಟ್ಟಿ ಕಳಿಸಿದೆ. ಕೌದಿ ಹಾಕಬಾರದೆಂದು ಮನೆಯವರ ಕೈ ಹಿಡಿದು ಹೇಳಿದೆ. ರೋಗಿಗಳಿಗೆ ಆಟ ಕೊಡುವುದನ್ನು ನಿಲ್ಲಿಸಲಿಲ್ಲ, ಆ ಮೂರು ವಾರದ ಗೋಡೆಯಿಂದ ಸಾಬಣ್ಣನನ್ನು ಈಚೆ ತಿರುಗಿಸಿದ್ದು ಆಟವೇ. ಆದರೆ ಕೊನೆಯ ಪುಟ ಖಾಲಿ ಬಿಡುವುದನ್ನು ನಿಲ್ಲಿಸಿದೆ. ಕೆಲಸ ನನಗೆ ಕಲಿಸಿದ್ದು ಇದು: ರೋಗಿ ಕೇಳಿದ್ದಕ್ಕೆ ಉತ್ತರ ಗೊತ್ತಿದ್ದರೆ ಕೇಳಿದ ಹೊತ್ತಿಗೇ ಹೇಳಬೇಕು. ಅವನ ಕುತೂಹಲವನ್ನು ನಮ್ಮ ಗಾಳಕ್ಕೆ ಸಿಕ್ಕಿಸಿ ಬದುಕಿಸುತ್ತೇವೆಂದು ಹೊರಡಬಾರದು.

ಈಗ ನಿವೃತ್ತಳಾಗಿ ಸುರಪುರದಲ್ಲಿದ್ದೇನೆ. ಆ ಹಳೆಯ ಲ್ಯಾಪ್‌ಟಾಪ್ ಇನ್ನೂ ನಡೆಯುತ್ತದೆ. ಕಾಲುವೆಗೆ ನೀರು ನಿಲ್ಲಿಸಿದ ದಿನಗಳಲ್ಲಿ ಆ ಆಟ ತೆರೆದು ಹನ್ನೊಂದನೇ ಸ್ಟೇಶನ್ನಿನವರೆಗೆ ನಡೆಯುತ್ತೇನೆ. ಮೇಜಿನ ಮುಂದೆ ನಿಂತು ಪತ್ರವನ್ನು ಗಟ್ಟಿಯಾಗಿ, ಕನ್ನಡದಲ್ಲಿ ಓದುತ್ತೇನೆ. ಪೂರಾ ಓದಲು ಅರ್ಧ ನಿಮಿಷವೂ ಹಿಡಿಯುವುದಿಲ್ಲ.