ತೀರ್ಥರಾಮನ ‘ಹ್ಞೂಂ’

ಮರ್ಕಂಜದ ತೀರ್ಥರಾಮ ಡ್ರೋನ್ ಓಡಿಸುತ್ತಾನೆ ಎಂದು ಊರು ಹೇಳುತ್ತದೆ. ಓಡುವುದು ಡ್ರೋನೇ. ತೋಟದ ಗಡಿ ಒಮ್ಮೆ ಗುರುತಿಸಿ ಕೊಟ್ಟರೆ ಅದು ತಾನೇ ಏರಿ, ಅಡಿಕೆ ಮರಗಳಿಗೆ ಮದ್ದು ಬಿಟ್ಟು, ತಾನೇ ಇಳಿಯುತ್ತದೆ. ಆ ಮದ್ದಿಗೆ ಮೈಲುತುತ್ತು ಕರಗಿಸುವವಳು, ಸುಣ್ಣ ಸೋಸುವವಳು, ಬ್ಯಾಟರಿ ಚಾರ್ಜಿಗಿಡುವವಳು ಹೆಂಡತಿ ಕುಮುದಿನಿ. ತೀರ್ಥರಾಮನದು ಕಪ್ಪು ಕನ್ನಡಕ ಹಾಕಿ ಕುರ್ಚಿಯಲ್ಲಿ ಕೂರುವ ಕೆಲಸ. ಯಂತ್ರಕ್ಕೆ ಅನುಮಾನ ಬಂದರೆ ಅವನನ್ನು ಕೇಳುತ್ತದೆ, ಅವನು ನಿರ್ಧರಿಸಬೇಕು. ಅಷ್ಟಕ್ಕೇ ಅಲ್ಲೊಬ್ಬ ಮನುಷ್ಯ ಬೇಕು.

ನಿರ್ಧಾರ ಅವನಿಗೆ ಹೊಸತಲ್ಲ.

"ಪಂಪು ರಿಪೇರಿಗೆ ಕೊಡುದಾ?"

"ಹ್ಞೂಂ."

"ಅತ್ತೆಯನ್ನು ಡಾಕ್ಟರಲ್ಲಿಗೆ ಕರ್ಕೊಂಡು ಹೋಗುದಾ?"

"ಹ್ಞೂಂ."

ಮೊಬೈಲಿನಿಂದ ಕಣ್ಣು ಏಳುವುದಿಲ್ಲ. ಕುಮುದಿನಿ ಎಲ್ಲವನ್ನೂ ಯೋಚಿಸಿ ಮುಗಿಸಿಯೇ ಕೇಳುವುದರಿಂದ ಆ ಹ್ಞೂಂ ಅನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತಿರಲಿಲ್ಲ. ಮನೆ ನಡೆಸುತ್ತಿರುವವನು ತಾನೇ ಎಂದು ಅವನು ನಂಬಿದ್ದ.

ಮಳೆಗಾಲಕ್ಕೆ ಮುಂಚೆ ಹಲಸಿನ ಹಪ್ಪಳ ಆಗಬೇಕು. ನೆರೆಯ ಹೆಂಗಸರು ಸರದಿಯಲ್ಲಿ ಒಬ್ಬರ ಮನೆಗೊಬ್ಬರು ಹೋಗಿ ಒತ್ತಿಕೊಡುತ್ತಾರೆ. ಅಂದು ಕುಮುದಿನಿಯ ಸರದಿ. ಅಂಗಳ ತುಂಬ ಚಾಪೆ, ಚಾಪೆ ತುಂಬ ಇಡೀ ವರ್ಷದ ಹಪ್ಪಳ. ತೀರ್ಥರಾಮ ಅದೇ ಹೊತ್ತಿಗೆ ಸ್ವಂತ ತೋಟಕ್ಕೆ ಮದ್ದು ಬಿಡಲು ಹೊರಟ.

"ಗಾಳಿ ಉಂಟು. ನಾಳೆ ಬಿಟ್ಟರಾಗದಾ?"

"ಹ್ಞೂಂ" ಎಂದ, ಹೊರಟೇ ಹೋದ.

ಅಂಗಳದ ಪಕ್ಕದ ಸಾಲಿಗೆ ಬಂದಾಗ ಡ್ರೋನ್ ಆಕಾಶದಲ್ಲೇ ನಿಂತಿತು. ಗಾಳಿ ಜೋರಾಗಿದೆ, ಮದ್ದು ಆಚೆ ಹಾರಬಹುದು, ಮುಂದುವರಿಸಲೇ ಎಂದು ಪರದೆಯಲ್ಲಿ ಕೇಳಿತು. ತೀರ್ಥರಾಮ ತೋಟದ ಕೆಲಸಕ್ಕೆ ಬರುವ ಪೋಕರನೊಡನೆ ಕ್ರಿಕೆಟ್ ಮಾತಾಡುತ್ತಿದ್ದ. ಇಂಥ ಎಷ್ಟೋ ಪ್ರಶ್ನೆಗಳಿಗೆ ಓದದೆಯೇ ‘ಹೌದು’ ಒತ್ತಿ ಪಾರಾಗಿದ್ದ ಬೆರಳು ಮತ್ತೆ ಒತ್ತಿತು. ಯಂತ್ರ, ಪಾಪ, ಅವನನ್ನು ನಂಬಿತು.

ಹಪ್ಪಳಗಳ ಮೇಲೆಲ್ಲ ಮದ್ದಿನ ನೀಲಿ ಚುಕ್ಕೆ.

"ಮೆಷಿನಿಂದು ಮಿಸ್ಟೇಕ್ ಮಾರಾಯ್ತಿ."

"ಅದು ಕೇಳಲಿಲ್ವಾ ನಿಮ್ಮತ್ರ?"

"ಕೇಳ್ತದೆ. ಎಲ್ಲದಕ್ಕೂ ಕೇಳ್ತದೆ, ನಿನ್ನ ಹಾಗೆ."

ಪಕ್ಕದ ಮನೆಯ ಅಮ್ಮು ಅಕ್ಕ ನೋಯುವ ಬೆನ್ನು ಹಿಡಿದು ಎದ್ದರು. "ನಾಳೆ ನಾವು ಪುನಃ ಬರ್ತೇವೆ ಕುಮುದಿನಿ. ಹಲಸಿನ ಸೊಳೆ ಬಿಡಿಸುದು ಮಾತ್ರ ನಿನ್ನ ಈ ಪೈಲಟ್ಟು."

ಮರುದಿನ ಅವನು ಮೊಣಕೈವರೆಗೆ ಹಲಸಿನ ಮೇಣ ಮೆತ್ತಿಕೊಂಡು ಕೂತಿದ್ದಾಗ ಮೊಬೈಲ್ ರಿಂಗಾಯಿತು. ಕುಮುದಿನಿ ಅವನ ಕಿವಿಗೆ ಹಿಡಿದಳು.

"ಹ್ಞೂಂ. ಹ್ಞೂಂ. ಆಯ್ತು."

ಆಚೆಯವರು ಫೋನಿಟ್ಟರು.

"ಎಂತ ಕೇಳಿದ್ದು ಅವರು?"

ಹೆಂಗಸರು ಕೈ ನಿಲ್ಲಿಸಿ ಕಾದರು. ತೀರ್ಥರಾಮ ಇನ್ನೊಂದು ಸೊಳೆ ಬಿಡಿಸತೊಡಗಿದ.

"ಇನ್ನೂ ನಾಲ್ಕು ಕಾಯಿ ನಿಮ್ಮ ಮುಂದೆ ಇಡುದಾ?"

"ಹ್ಞೂಂ."

ಕುಮುದಿನಿ ಮೊದಲ ಬಾರಿಗೆ ಅದನ್ನು ಲೆಕ್ಕಕ್ಕೆ ತೆಗೆದುಕೊಂಡಳು.